ಏರೋಪ್ಲೇನ್ ಮೋಡ್‌ನಲ್ಲಿ ಮುಗಿದ ಮಹಾಯುದ್ಧ

ಊರಿಂದ ನ್ಯೂಜೆರ್ಸಿಗೆ ಬಂದ ಅಪ್ಪ ಅಮ್ಮ ಇಬ್ಬರೂ ಹಂಚಿಕೊಂಡದ್ದು ಇ-ಪುಸ್ತಕ ಓದುವ ನನ್ನ ಒಂದೇ ಕಿಂಡಲ್. ಹಂಚಿಕೊಂಡದ್ದು ಅಂತ ಹೆಸರಿಗೆ. ಅದು ಇರುತ್ತಿದ್ದದ್ದು ಅಪ್ಪನ ಕೈಯಲ್ಲೇ. ಎರಡನೇ ಮಹಾಯುದ್ಧದ ದಪ್ಪ ಇತಿಹಾಸವೊಂದನ್ನು ಹಿಡಿದು ಕೂತಿದ್ದರು. ಇಲ್ಲಿನ ಲೈಬ್ರರಿಯಿಂದ ಲಿಬ್ಬಿ ಆ್ಯಪ್‌ನಲ್ಲಿ ಎರವಲು ಪಡೆದದ್ದು. ಲೈಬ್ರರಿ ಪುಸ್ತಕ ಕಿಂಡಲ್‌ಗೇ ಬರುವ ಈ ಸೌಲಭ್ಯ 2011ರಿಂದ ಇದೆ, ಅದೂ ಅಮೆರಿಕದಲ್ಲಿ ಮಾತ್ರ. ಅವಧಿ 21 ದಿನ. ರಿನ್ಯೂ ಮಾಡೋಣವೆಂದರೆ ನಮ್ಮ ಹಿಂದೆ ಕಾಯುವವರ ಸಾಲೇ ಇತ್ತು.

"ನಾಳೆ ಇದು ತಾನಾಗೇ ವಾಪಸ್ ಹೋಗುತ್ತೆ ಅಪ್ಪ" ಅಂದೆ.

"ನನ್ನ ಕೈಯಲ್ಲಿರೋದು ಅದು ಹೇಗೆ ಹೋಗುತ್ತೆ? ಸ್ಟಾಲಿನ್‌ಗ್ರಾಡ್ ಈಗಷ್ಟೇ ಮುಗೀತು, ನಾರ್ಮಂಡಿಗೆ ಇನ್ನೂ ಹೋಗಿಲ್ಲ ಕಣೇ!"

ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ಏರೋಪ್ಲೇನ್ ಮೋಡ್ ಒತ್ತಿದೆ, ವೈ-ಫೈ ಆರಿತು. ವೈ-ಫೈ ಇದ್ದಾಗ ಕಿಂಡಲ್ ತನ್ನ ಪಾಡಿಗೆ ಸರ್ವರ್ ಜೊತೆ ಮಾತಾಡಿಕೊಳ್ಳುತ್ತದೆ. ಅವಧಿ ಮುಗಿಯಿತು ಅಂತ ಅಲ್ಲಿಂದ ಸುದ್ದಿ ಬಂದರೆ ಪುಸ್ತಕಕ್ಕೆ ಬೀಗ. ಸುದ್ದಿಯೇ ಬರದಿದ್ದರೆ ಬೀಗವೂ ಇಲ್ಲ. ಎಲ್ಲ ಇ-ರೀಡರ್‌ಗಳಲ್ಲೂ ಈ ಆಟ ನಡೆಯುವುದಿಲ್ಲ. ಅಡೋಬಿ ಕಂಪನಿಯ ಬೀಗವಿರುವ ಇ-ಪಬ್ ಎಂಬ ಬಗೆಯ ಇ-ಪುಸ್ತಕಗಳಲ್ಲಿ ಗಡುವು ಲೈಸೆನ್ಸ್‌ನಲ್ಲೇ ಬರೆದಿರುತ್ತದೆ, ವೈ-ಫೈ ಆರಿಸಿದರೂ ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳುತ್ತವೆ.

"ಇದು ಮೋಸ ಅಲ್ವೇನೇ?" ಬ್ಯಾಂಕಿನಲ್ಲಿ ಸಾಲದ ಗಡುವು ನೋಡುತ್ತಲೇ ರಿಟೈರ್ ಆದವರು ಅಪ್ಪ. ಲೈಬ್ರರಿಯ ಲೆಕ್ಕದಲ್ಲಿ ಈ ಪುಸ್ತಕ ನಾಳೆಯೇ ಜಮಾ ಆಗಿ ಮುಂದಿನವರಿಗೆ ಹೋಗುತ್ತೆ, ನಮ್ಮಿಂದಾಗಿ ಯಾರೂ ಕಾಯಬೇಕಿಲ್ಲ ಅಂದೆ. ತಲೆಯಾಡಿಸಿದರು. ಆದರೂ ಅವತ್ತಿನಿಂದ ಮಧ್ಯಾಹ್ನದ ನಿದ್ದೆ ಬಿಟ್ಟು ಓದತೊಡಗಿದರು.

ಪೇಚಿಗೆ ಸಿಕ್ಕಿದ್ದು ಅಮ್ಮ. ಅವರಿಗೆಂದು ದಾಸರ ಪದಗಳ ಪಿಡಿಎಫ್ ಒಂದನ್ನು ಕಿಂಡಲ್‌ನ ಇಮೇಲ್ ವಿಳಾಸಕ್ಕೆ ಕಳಿಸಿದ್ದೆ. ವೈ-ಫೈ ಇಲ್ಲದೆ ಅದು ಇಳಿಯುವುದೆಲ್ಲಿಂದ?

"ನಿಮ್ಮ ಯುದ್ಧ ಮುಗಿಯೋವರೆಗೂ ನನ್ನ ಪುರಂದರದಾಸರು ಆಕಾಶದಲ್ಲೇ ಇರಬೇಕಾ?"

ಅಪ್ಪ ಕನ್ನಡಕದ ಮೇಲಿಂದ ನೋಡಿ ಮತ್ತೆ ಓದಿಗೆ ಇಳಿದರು.

ಕೇಬಲ್ ನೆನಪಾಯಿತು. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಡಾಕ್ಯುಮೆಂಟ್ಸ್ ಫೋಲ್ಡರ್‌ಗೆ ಕಾಪಿ ಮಾಡಿದರೆ ಸಾಕು, ಏರೋಪ್ಲೇನ್ ಮೋಡ್ ತೆಗೆಯಬೇಕಿಲ್ಲ. ಪುಟ್ಟ ಪರದೆಯಲ್ಲಿ ಪಿಡಿಎಫ್‌ನ ಅಕ್ಷರ ಇರುವೆ ಸಾಲಿನ ಹಾಗೆ ಕಂಡಿತು; ಅಡ್ಡಕ್ಕೆ ತಿರುಗಿಸಿಕೊಟ್ಟ ಮೇಲೆ ಅಮ್ಮ ಒಪ್ಪಿದರು. ಬೆಳಗ್ಗೆ ದಾಸರು, ಮಧ್ಯಾಹ್ನ ಚರ್ಚಿಲ್. ವೈ-ಫೈ ಇಲ್ಲದ್ದಕ್ಕೆ ಬ್ಯಾಟರಿ ಹೆಚ್ಚು ಬಂದು ಚಾರ್ಜರ್ ಹುಡುಕುವ ಗೋಳೂ ತಪ್ಪಿತ್ತು.

ಜಪಾನ್ ಶರಣಾದ ಸಂಜೆ ಅಪ್ಪನೇ ಬಂದು "ಈಗ ಕೊಟ್ಟುಬಿಡಮ್ಮ" ಅಂದರು. ವೈ-ಫೈ ಹಾಕಿದೆ. ಸ್ವಲ್ಪ ಹೊತ್ತಿಗೆ ಎರವಲಿನ ಅವಧಿ ಮುಗಿದಿದೆ ಎಂಬ ಸೂಚನೆ ಬಂತು, ಪುಸ್ತಕ ತೆರೆಯಲಿಲ್ಲ. ಹಿಂದೆಯೇ ಇಮೇಲ್‌ನಲ್ಲಿ ಕಾದಿದ್ದ ಪಿಡಿಎಫ್ ಇಳಿದು ದಾಸರ ಪದಗಳು ಎರಡೆರಡಾದವು.

"ನಾನು ಗೆರೆ ಎಳೆದಿದ್ದೆಲ್ಲ ಹೋಯ್ತಾ?" ಅಪ್ಪನ ಮುಖ ಸಣ್ಣದಾಯಿತು. ಹೋಗಿರಲಿಲ್ಲ, ಗೆರೆ ಎಳೆದ ಸಾಲುಗಳು ಕಿಂಡಲ್‌ನೊಳಗೇ ಒಂದು ಟೆಕ್ಸ್ಟ್ ಕಡತದಲ್ಲಿ ಉಳಿದಿರುತ್ತವೆ. ತೆಗೆದು ತೋರಿಸಿದೆ.

"ಪ್ರಿಂಟ್ ಹಾಕಿಕೊಡು" ಅಂದರು.