ಓನರ್ ದುಡ್ಡು ಕೊಡ್ತಿಲ್ಲ, ಅಗ್ರಿಮೆಂಟೂ ಇಲ್ಲ, ಕೇಸ್ ನಿಲ್ಲುತ್ತಾ?

ಟೈಲ್ಸ್, ಪೇಂಟಿಂಗ್, ಕಾರ್ಪೆಂಟರಿ ಕಾಂಟ್ರ್ಯಾಕ್ಟ್ ಮಾಡೋ ಹುಡುಗ್ರು ನನಗೆ ಫೋನ್ ಮಾಡಿದ್ರೆ ಹೆಚ್ಚಾಗಿ ಇದೇ ಕಥೆ. ಅಣ್ಣಾ, ಓನರ್ ಅರ್ಧಕ್ಕೇ ಕೆಲಸ ನಿಲ್ಲಿಸಿ ಬೇರೆಯವರನ್ನ ಕರ್ಕೊಂಡ್ ಬಂದ, ಬ್ಯಾಲೆನ್ಸ್ ಕೇಳಿದ್ರೆ ಫೋನ್ ಎತ್ತಲ್ಲ, ಸ್ಟ್ಯಾಂಪ್ ಪೇಪರ್ ಬೇರೆ ಮಾಡಿಸಿಲ್ಲ, ಏನಾದ್ರೂ ಮಾಡೋಕಾಗುತ್ತಾ ಅಂತ.

ಆಗುತ್ತೆ. ನಮ್ಮ ಕಾಂಟ್ರ್ಯಾಕ್ಟ್ ಆಕ್ಟ್ 1872ರದ್ದು, ಇಂಥ ಕೆಲಸಕ್ಕೆ ಸ್ಟ್ಯಾಂಪ್ ಪೇಪರ್ ಇರ್ಲೇಬೇಕು ಅಂತ ಅದು ಹೇಳಲ್ಲ, ಬಾಯಿಮಾತಿನ ಒಪ್ಪಂದಾನೂ ಒಪ್ಪಂದಾನೇ. ರೇಟ್ ಮಾತಾಡಿದ್ದಕ್ಕೆ ಸಾಕ್ಷಿ ಇಲ್ದಿದ್ರೂ ಸೆಕ್ಷನ್ 70 ಇದೆ, ಬಿಟ್ಟಿ ಅಲ್ದೇ ಮಾಡಿದ ಕೆಲಸದ ಲಾಭ ತಗೊಂಡೋನು ಅದಕ್ಕೆ ದುಡ್ಡು ಕಟ್ಟಿಕೊಡಬೇಕು ಅನ್ನುತ್ತೆ. ಆದ್ರೆ ಎಷ್ಟು ಕೆಲಸ ಆಗಿತ್ತು ಅಂತ ತೋರಿಸೋದು ನಮ್ಮ ತಲೆ ಮೇಲೆ.

ಮುಗ್ಗರಿಸೋದು ಇಲ್ಲೇ, ನಾನೂ ಮುಗ್ಗರಿಸಿದ್ದೀನಿ. ಒಂದು ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆದಿದ್ದೆ, ಜಗಳ ಆಯ್ತು, ಸಿಟ್ಟಲ್ಲಿ ಸಾಮಾನು ಎತ್ಕೊಂಡು ಬಂದ್ಬಿಟ್ಟೆ, ವಾರ ಬಿಟ್ಟು ಹೋದ್ರೆ ಅದರ ಮೇಲೆ ಬೇರೆಯವರು ಟೈಲ್ಸ್ ಕೂರಿಸಿಬಿಟ್ಟಿದ್ರು. ಕೆಳಗೆ ಏನಿದೆ ಅಂತ ಇನ್ಯಾರಿಗೆ ತೋರಿಸ್ಲಿ? ಅದಕ್ಕೇ ಈಗ ಎಷ್ಟೇ ಸಿಟ್ಟಿರಲಿ, ಸೈಟ್ ಬಿಡೋ ಮುಂಚೆ ಗೋಡೆಗೆ ಟೇಪ್ ಹಿಡಿದು ಫೋಟೋ ತೆಗೀತೀನಿ, ಇವತ್ತಿನವರೆಗೆ ಇಷ್ಟು ಆಗಿದೆ ಇಷ್ಟು ಬಂದಿದೆ ಇಷ್ಟು ಬಾಕಿ ಅಂತ ಅವತ್ತೇ ಓನರ್‌ಗೆ ವಾಟ್ಸಾಪ್ ಹಾಕ್ತೀನಿ. ಹಾಕಿರೋ ಟೈಲ್ಸ್ ಕಿತ್ಕೊಂಡ್ ಬರ್ತೀನಿ ಅಂತ ಮಾತ್ರ ಹೋಗ್ಬೇಡಿ, ಆಮೇಲೆ ಕೇಸ್ ನಿಮ್ಮ ಮೇಲೇ ಬೀಳುತ್ತೆ.

ಆಮೇಲೆ ಲಾಯರ್ ನೋಟಿಸ್, ಅಕ್ನಾಲೆಡ್ಜ್‌ಮೆಂಟ್ ಬರೋ ಹಾಗೆ ಪೋಸ್ಟ್‌ನಲ್ಲೇ ಕಳಿಸಿ. ಎಷ್ಟೋ ವ್ಯವಹಾರ ಅಲ್ಲೇ ಮುಗಿಯುತ್ತೆ. ಮುಗೀದಿದ್ರೆ ಸಿವಿಲ್ ಕೋರ್ಟಲ್ಲಿ ದಾವೆ. ದುಡ್ಡಿಗೆ ಗಡುವು ಅಂತ ಮಾತಾಡಿಲ್ದಿದ್ರೆ ಕೆಲಸ ಮುಗಿದ ದಿನದಿಂದ 3 ವರ್ಷದೊಳಗೆ ಹಾಕ್ಬೇಕು, ನಾಳೆ ಕೊಡ್ತೀನಿ ನಾಡಿದ್ದು ಕೊಡ್ತೀನಿ ಅಂತ ಓಡಾಡಿಸೋರು ಕಾಯ್ತಿರೋದೇ ಆ ದಿನಕ್ಕೆ. ಓನರ್ ಸುಮ್‌ಸುಮ್ನೆ ಕೆಲಸ ಕಿತ್ಕೊಂಡಿದ್ರೆ ಬಾಕಿ ಕೆಲಸದಲ್ಲಿ ಬರ್ತಿದ್ದ ಲಾಭಾನೂ ಕೇಳಬಹುದು, 1984ರಲ್ಲಿ ಗುಜರಾತ್ ಸರ್ಕಾರದ ಮೇಲೆ ಹೋಗಿದ್ದ ಒಬ್ಬ ಕಾಂಟ್ರ್ಯಾಕ್ಟರ್‌ಗೆ ಸುಪ್ರೀಂ ಕೋರ್ಟ್ ಉಳಿದ ಕೆಲಸದ ಮೊತ್ತದ ಮೇಲೆ 15 ಪರ್ಸೆಂಟ್ ಕೊಡಿಸಿತ್ತು. ಹಾಗಂತ ಕೈಕಟ್ಟಿ ಕೂತು ಲೇಬರ್ ಖರ್ಚೆಲ್ಲಾ ಅವನ ಲೆಕ್ಕಕ್ಕೆ ಬರೆಯೋಕಾಗಲ್ಲ, ಬೇರೆ ಕೆಲಸ ಹಿಡಿದು ನಷ್ಟ ಕಮ್ಮಿ ಮಾಡ್ಕೊಳ್ಳೋದೂ ನಮ್ಮ ಜವಾಬ್ದಾರಿನೇ.

ಪೊಲೀಸ್ ಸ್ಟೇಷನ್? ಬರೀ ಬಾಕಿ ದುಡ್ಡಿನ ವಿಷ್ಯ ಆದ್ರೆ ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸ್ತಾರೆ.

ಚೆಕ್ ಕೊಟ್ಟು ಬೌನ್ಸ್ ಆಗಿದ್ರೆ ದಾರಿನೇ ಬೇರೆ, ಚೆಕ್ಕಿಗೆ ಅಂತ ಇರೋ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ ಸೆಕ್ಷನ್ 138. ಬೌನ್ಸ್ ಆದ ವಿಷ್ಯ ಬ್ಯಾಂಕಿಂದ ಗೊತ್ತಾದ ಮೇಲೆ 30 ದಿನದೊಳಗೆ ನೋಟಿಸ್, ಅದು ಅವನ ಕೈಸೇರಿ 15 ದಿನಕ್ಕೂ ದುಡ್ಡು ಬರ್ಲಿಲ್ಲ ಅಂದ್ರೆ ಅಲ್ಲಿಂದ ಒಂದು ತಿಂಗಳೊಳಗೆ ಕಂಪ್ಲೇಂಟ್. 2 ವರ್ಷದವರೆಗೂ ಜೈಲಾಗಬಹುದು. ಚೆಕ್ ಬೌನ್ಸ್ ಆಯ್ತು ಅಂತ ಬ್ಯಾಂಕ್ ಕೊಡೋ ಮೆಮೊನ ಡ್ಯಾಶ್‌ಬೋರ್ಡಲ್ಲಿ ಇಟ್ಟು ಮರ್ತು ಒಂದೂವರೆ ತಿಂಗಳಾದ್ಮೇಲೆ ಬರ್ತಾರೆ ನೋಡಿ, ಅವರಿಗೆ ಏನ್ ಹೇಳ್ಬೇಕೋ ಗೊತ್ತಾಗಲ್ಲ.

ಇನ್ನೊಂದು, ವಾಟ್ಸಾಪ್ ಮೆಸೇಜ್ ಕೋರ್ಟಲ್ಲಿ ನಡೆಯುತ್ತೆ, ಆದ್ರೆ ಪ್ರಿಂಟ್ ಜೊತೆ, ಇದು ಇದೇ ಫೋನಿಂದ ತೆಗೆದಿದ್ದು ಅನ್ನೋ ಸರ್ಟಿಫಿಕೇಟ್ ಕೊಡ್ಬೇಕು, ಫೋನೇ ತನ್ನಿ ಅಂದ್ರೂ ಅಂತಾರೆ. ಆ ಹಳೇ ಫೋನ್ ಎಕ್ಸ್‌ಚೇಂಜಿಗೆ ಕೊಟ್ಬಿಡ್ಬೇಡಿ.