ಅಕ್ಕ, ತಂಗಿ ಮತ್ತು ನಾಲ್ಕು ಚೌಕ

ಮಗಳು ಪಿಯುಸಿಯಲ್ಲಿ ಕನ್ನಡ ಬಿಟ್ಟು ಫ್ರೆಂಚ್ ತಗೊಂಡಿದ್ದಾಳೆ. ಮಾರ್ಕ್ಸ್ ಜಾಸ್ತಿ ಬೀಳುತ್ತಂತೆ. ಹನುಮಂತನಗರದ ನಮ್ಮ ಮನೆಯಲ್ಲಿ ಇದಕ್ಕೆ ಆದ ಜಗಳದ ಮಾತು ಇಲ್ಲಿ ಬೇಡ.

ಅವಳಿಗೆ ಕೊಟ್ಟಿರುವುದು ಎಸ್.ಪಿ. ರೋಡಿನಿಂದ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. ಡೆಬಿಯನ್ ಅನ್ನುವ ಲಿನಕ್ಸ್ ಹಾಕಿದ್ದೇನೆ, ಐಕಾನ್, ಮೌಸ್ ಇರುವ ಡೆಸ್ಕ್‌ಟಾಪ್ ಹಾಕಿಲ್ಲ. ಬರೀ ಕಪ್ಪು ಪರದೆ, ಅದರ ಮೇಲೆ ಅಕ್ಷರ. ಇದಕ್ಕೆ ಕನ್ಸೋಲ್ ಅಂತಾರೆ. ಯೂಟ್ಯೂಬ್ ಕಾಟ ಇರುವುದಿಲ್ಲ ಅಲ್ವಾ!

ಮೊದಲ ದಿನವೇ ಕೂಗಿದಳು. “ಅಪ್ಪಾ, ಇದರಲ್ಲಿ ‘ಎತೆ’ ಟೈಪ್ ಮಾಡೋದು ಹೇಗೆ?”

ಎತೆ ಅಂದರೆ ಬೇಸಿಗೆ. ಅದರ ಫ್ರೆಂಚ್ ಸ್ಪೆಲಿಂಗಿನಲ್ಲಿ ಇಂಗ್ಲಿಷಿನ ‘ಇ’ (e) ಅಕ್ಷರ ಎರಡು ಸಲ ಬರುತ್ತದೆ, ಎರಡರ ತಲೆ ಮೇಲೂ ಓರೆ ಗೀರು. ನಮ್ಮ ಕೀಬೋರ್ಡಿನಲ್ಲಿ ಅದಕ್ಕೆ ಕೀ ಇಲ್ಲ. ಕೀಬೋರ್ಡ್ ಸೆಟ್ಟಿಂಗಿಗೆ ಹೋಗಿ ಬಲಗಡೆಯ ಆಲ್ಟ್ ಅನ್ನು ಕಂಪೋಸ್ ಕೀ ಮಾಡಿದೆ. ಈಗ ಅದನ್ನು ಒತ್ತಿ ಬಿಡಬೇಕು, ಆಮೇಲೆ ಒಂಟಿ ಕೋಟ್, ಆಮೇಲೆ ಇ. ಮೊದಲ ಎರಡು ಒತ್ತಿದಾಗ ಪರದೆ ಮೇಲೆ ಏನೂ ಆಗುವುದಿಲ್ಲ. ಮೂರನೆಯದಕ್ಕೆ ಗೀರು ಹೊತ್ತ ಇ ಬಂದು ಕೂರುತ್ತದೆ. ಅವಳು ಸುಮ್ನೆ ಹತ್ತು ಸಲ ಒತ್ತಿ ನೋಡಿದಳು.

ಆಮೇಲೆ ಫೋನಿನಲ್ಲಿ ಬರೆದಿಟ್ಟಿದ್ದ ಪದಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ತಂದಳು. ಫೈಲಿನಲ್ಲಿರುವುದನ್ನು ತೋರಿಸುವ ಕ್ಯಾಟ್ ಕಮಾಂಡ್ ಕೊಟ್ಟರೆ ಒಂದು ಸಾಲಿನ ತುಂಬಾ ಚೌಕಗಳು. ಫ್ರೆಂಚ್ ಪದದಲ್ಲಿ ಒಂದು ಚೌಕ, ಅದರ ಕನ್ನಡ ಅರ್ಥ ಪೂರ್ತಿ ಚೌಕ. ಆ ಪದ ಕಿವಿಗೆ ‘ಸರ್’ ಅಂತ ಕೇಳುತ್ತದೆ, ಅರ್ಥ ಮಾತ್ರ ಅಕ್ಕ! ಅದರ ನಡುವೆ ‘ಓ’ ಮತ್ತು ‘ಇ’ ಅಂಟಿಕೊಂಡ ಅಕ್ಷರ (œ) ಒಂದಿದೆ.

ತಪ್ಪು ನನ್ನದೇ. ಲಿನಕ್ಸಿನ ತಿರುಳಾದ ಕರ್ನಲ್ ಜೊತೆ ಬರುವ ಫಾಂಟನ್ನೇ ಬಿಟ್ಟಿದ್ದೆ. ಅದರಲ್ಲಿರುವುದು 1981ರ ಐಬಿಎಂ ಪಿಸಿಯ 256 ಚಿತ್ರಗಳು. ಗೀರಿನ ಇ ಅದರಲ್ಲಿದೆ, ಈ ಜೋಡಿ ಅಕ್ಷರ ಇಲ್ಲ. ಕನ್ಸೋಲಿನ ಫಾಂಟ್ ಬದಲಿಸುವ ಕನ್ಸೋಲ್-ಸೆಟಪ್‌ನಲ್ಲಿ ಪಶ್ಚಿಮ ಯುರೋಪಿನ ಅಕ್ಷರಗಳಿರುವ ಟರ್ಮಿನಸ್ ಫಾಂಟ್ ಆರಿಸಿದೆ. ‘ಸರ್’ ಸರಿಹೋಯಿತು.

“ಕನ್ನಡ?”

ಅದು ಆಗುವುದಿಲ್ಲ ಅಂದೆ. ಕನ್ಸೋಲ್ ಫಾಂಟಿನಲ್ಲಿ ಹೆಚ್ಚೆಂದರೆ 512 ಚಿತ್ರ. ಜಾಗದ ಮಾತು ಹಾಗಿರಲಿ, ಈ ಕನ್ಸೋಲಿಗೆ ಜೋಡಿಸಲು ಬರುವುದಿಲ್ಲ. ನಮಗೆ ‘ಅಕ್ಕ’ ಎರಡೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೋಡ್ ಕೊಡುವ ಯುನಿಕೋಡಿನಲ್ಲಿ ಅ, ಕ, ಹಲಂತದ ಗುರುತು, ಮತ್ತೆ ಕ, ಹೀಗೆ ನಾಲ್ಕು. ಎರಡನೇ ಕ ಒತ್ತಾಗಿ ಕೆಳಗೆ ಇಳಿಯಬೇಕು ಅಂತ ಯಾರಾದರೂ ಹೇಳಬೇಕಲ್ಲ. ಡೆಸ್ಕ್‌ಟಾಪಿನಲ್ಲಿ ಆ ಕೆಲಸಕ್ಕೆ ಬೇರೆ ಸಾಫ್ಟ್‌ವೇರ್ ಇರುತ್ತದೆ. ಇಲ್ಲಿ ಒಂದು ಕೋಡಿಗೆ ಒಂದು ಮನೆ, ಅಷ್ಟೇ.

ಅವಳು ಬೆರಳು ಮಡಚಿ ಎಣಿಸಿದಳು. ತ, ಸೊನ್ನೆ, ಗ, ಗುಡಿಸು. “ತಂಗಿನೂ ನಾಲ್ಕೇ! ಹಾಗಾದ್ರೆ ಇದರಲ್ಲಿ ಅಕ್ಕ, ತಂಗಿ ಎರಡೂ ಒಂದೇ ಥರ ಕಾಣುತ್ತೆ.”

“ಹೌದು, ಗೊತ್ತೇ ಆಗಲ್ಲ.”

“ಪರವಾಗಿಲ್ಲ ಬಿಡಿ ಅಪ್ಪಾ. ಫ್ರೆಂಚಲ್ಲೂ ಇಬ್ಬರಿಗೂ ಒಂದೇ ಪದ.”