ಒಬ್ಬನೇ ಹೊರಟೆ, ಮಂಡಗದ್ದೆಯಲ್ಲಿ ಸೋತೆ

ಕಳೆದ ನವೆಂಬರ್‌ನಲ್ಲಿ ಶಿವಮೊಗ್ಗದಿಂದ ಆಗುಂಬೆಗೆ ಸೈಕಲ್ ತುಳಿದೆ. ನೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಹೊರಡುವ ಮೊದಲು ನನಗೆ ನಾನೇ ಒಂದು ಷರತ್ತು ಹಾಕಿಕೊಂಡಿದ್ದೆ. ದಾರಿಯಲ್ಲಿ ಯಾರ ಸಹಾಯವನ್ನೂ ತಗೊಳ್ಳಬಾರದು.

ಈ ಹುಚ್ಚು ಹತ್ತಿದ್ದು ಅಭಿಲಾಷ್ ಟೋಮಿಯವರಿಂದ. ಆಗ ನೌಕಾಪಡೆಯ ಅಧಿಕಾರಿಯಾಗಿದ್ದ ಇವರು 2012ರ ನವೆಂಬರ್ 1ರಂದು ಮುಂಬೈಯಿಂದ 'ಮ್ಹಾದೇಯಿ' ಎಂಬ ಹಾಯಿದೋಣಿಯಲ್ಲಿ ಒಬ್ಬರೇ ಹೊರಟರು. ಎಲ್ಲೂ ದಡ ಮುಟ್ಟದೆ ಭೂಮಿ ಸುತ್ತಿ ಮರುವರ್ಷ ಮಾರ್ಚ್ ಕೊನೆಗೆ ಮುಂಬೈಗೇ ವಾಪಸ್ ಬಂದರು. ಹಾಗೆ ಸುತ್ತಿದ ಮೊದಲ ಭಾರತೀಯ ಅವರೇ. ಈ ಥರದ ಯಾನದ ನಿಯಮ ಬಲು ಬಿಗಿ. ಹೊರಗಿನವರಿಂದ ಒಂದು ಲೋಟ ನೀರೂ ಮುಟ್ಟುವಂತಿಲ್ಲ. ದೋಣಿ ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳಬೇಕು.

ಗಾಜನೂರು, ಸಕ್ರೆಬೈಲು ದಾಟುವವರೆಗೆ ನಾನೂ ಅದೇ ಗತ್ತಿನಲ್ಲಿದ್ದೆ. ಮಂಡಗದ್ದೆ ಕಳೆದ ಮೇಲೆ ಹಿಂದಿನ ಚಕ್ರ ಪಂಚರ್. ಕಿಟ್ ತೆಗೆದರೆ ಪ್ಯಾಚ್ ಅಂಟಿಸುವ ಸೊಲ್ಯೂಷನ್ ಟ್ಯೂಬ್ ಒಣಗಿ ಕಲ್ಲಾಗಿತ್ತು. ಬೆರಳಲ್ಲಿ ಎಷ್ಟು ಹಿಚುಕಿದರೂ ಒಂದು ಹನಿ ಇಲ್ಲ.

ಹಾಲಿನ ಕ್ಯಾನ್ ಕಟ್ಟಿದ್ದ ಬೈಕೊಂದು ಪಕ್ಕಕ್ಕೆ ನಿಂತಿತು.

"ಎಂತ ಆಯ್ತು ಮಾರಾಯ್ರೆ? ಒಬ್ರೇನಾ?"

ನಿಯಮ ವಿವರಿಸಿದೆ. ಅವರು ಪೂರ್ತಿ ಕೇಳಿ, "ಅದೆಲ್ಲ ಸಮುದ್ರದಲ್ಲಿ. ಇಲ್ಲಿ ಕಾಫಿ ಕುಡ್ದು ಹೋಗಿ" ಅಂದರು. ಮುಗೀತಲ್ವಾ ದಾಖಲೆ!

ಅವರ ಮನೆಯಲ್ಲಿ ಅಡಿಕೆ ಕೊಯ್ಲು ಜೋರು. ಅಂಗಳದ ಒಲೆಯ ಮೇಲೆ ದೊಡ್ಡ ಹಂಡೆ, ಒಳಗೆ ಚೊಗರಿನ ಕೆಂಪು ನೀರಿನಲ್ಲಿ ಅಡಿಕೆ ಕುದಿಯುತ್ತಿತ್ತು. ಆ ಒಗರು ವಾಸನೆ ಮೂಗಿಗೆ ಹತ್ತಿದರೆ ಸಂಜೆವರೆಗೂ ಬಿಡೋದಿಲ್ಲ. ಜಗಲಿಯಲ್ಲಿ ನಾಲ್ಕು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದರು. ಕಣ್ಣು ನನ್ನ ಮೇಲೆ, ಕೈ ಮಾತ್ರ ನಿಲ್ಲಲಿಲ್ಲ. ಮನೆಯ ಹುಡುಗ ಟ್ಯೂಬ್ ಬಿಚ್ಚಿ ಬಕೆಟ್ ನೀರಿಗೆ ಅದ್ದಿ ಗುಳ್ಳೆ ಹುಡುಕತೊಡಗಿದ.

ರೊಟ್ಟಿ ತಿನ್ನುತ್ತಾ ರಾಬಿನ್ ನಾಕ್ಸ್ ಜಾನ್‌ಸ್ಟನ್ ಕಥೆ ಹೇಳಿದೆ. 1968ರಲ್ಲಿ ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಪಂದ್ಯಕ್ಕೆ ಹೊರಟ ಒಂಬತ್ತು ಜನರಲ್ಲಿ ಸುತ್ತು ಮುಗಿಸಿ ಬಂದವನು ಅವನೊಬ್ಬನೇ. 312 ದಿನ. ಅವನ 'ಸುಹೈಲಿ' ದೋಣಿ ನಮ್ಮ ಮುಂಬೈಯಲ್ಲೇ ಸಾಗುವಾನಿಯಲ್ಲಿ ಕಟ್ಟಿದ್ದು.

"ಸಾಗುವಾನಿ ಆದ್ರೆ ತಡ್ಕೊಳ್ತದೆ ಬಿಡಿ" ಅಂದರು ಯಜಮಾನರು.

ಅಜ್ಜಿಗೆ ಬೇರೆ ಚಿಂತೆ. "ಕುಡಿಯೋ ನೀರಿಗೆ ಎಂತ ಮಾಡ್ದ?"

ಟ್ಯಾಂಕಿನ ನೀರು ಕೆಟ್ಟು ಹೋಗಿ ಮಳೆ ನೀರು ಹಿಡಿದುಕೊಂಡ ಅಂದೆ. ರೇಡಿಯೋನೂ ಕೆಟ್ಟು ತಿಂಗಳುಗಟ್ಟಲೆ ಅವನ ಸುದ್ದಿಯೇ ಇರಲಿಲ್ಲ ಅಂದೆ.

"ಮಳೆ ನೀರು ಬೇಕಿದ್ರೆ ಇಲ್ಲಿಗೇ ಬರ್ಬಹುದಿತ್ತಲ್ಲ ಪಾಪ" ಅಂದ ಅಜ್ಜಿ, ಸ್ವಲ್ಪ ಹೊತ್ತು ಬಿಟ್ಟು, "ಅವನಮ್ಮ ಹೆಂಗಿದ್ಲೋ" ಅಂದರು. ಇದು ನನಗೆ ಹೊಳೆದೇ ಇರಲಿಲ್ಲ.

ಹೊರಡುವಾಗ ಬಾಳೆಲೆಯಲ್ಲಿ ಕಟ್ಟಿದ ಒಂದು ಪೊಟ್ಟಣ ಬ್ಯಾಗಿಗೆ ಸೇರಿತು. ಬೇಡ ಅನ್ನಲು ಬಾಯಿ ಬರಲಿಲ್ಲ.

ಆಮೇಲೆ ತುಳಿಯುತ್ತಾ ಮಾರ್ಕ್ ಬೋಮಾಂಟ್ ನೆನಪಾದ. 2008ರಲ್ಲಿ ಅವನು ಸಾಮಾನೆಲ್ಲ ತಾನೇ ಹೊತ್ತು 194 ದಿನದಲ್ಲಿ ಸೈಕಲ್ ಮೇಲೆ ಭೂಮಿ ಸುತ್ತಿದ. 2017ರಲ್ಲಿ ಹಿಂದೆ ಒಂದು ತಂಡ ಇಟ್ಟುಕೊಂಡು 79 ದಿನದೊಳಗೆ ಮುಗಿಸಿದ. ದಿನಕ್ಕೆ ಸರಾಸರಿ 360 ಕಿಲೋಮೀಟರಿಗೂ ಜಾಸ್ತಿ! ಆದರೂ ನನ್ನ ಓಟು 194ಕ್ಕೇ. ಬೇಕಿದ್ದರೆ ಜಗಳಕ್ಕೆ ಬನ್ನಿ.

ತೀರ್ಥಹಳ್ಳಿ ದಾಟಿದ ಮೇಲೆ ರೊಟ್ಟಿಯ ಪ್ರಭಾವ, ಕಣ್ಣು ಎಳೆಯತೊಡಗಿತು. 1927ರಲ್ಲಿ ಲಿಂಡ್‌ಬರ್ಗ್ ನ್ಯೂಯಾರ್ಕ್‌ನಿಂದ ಪ್ಯಾರಿಸ್ಸಿಗೆ 33 ಗಂಟೆ 30 ನಿಮಿಷ ಒಬ್ಬನೇ ವಿಮಾನ ಹಾರಿಸಿದ. ಜೊತೆಗೆ ರೇಡಿಯೋ ಇಲ್ಲ, ಪ್ಯಾರಾಚೂಟ್ ಇಲ್ಲ. ಪೂರ್ತಿ ನಿದ್ದೆ ಹೋದರೆ ಸೀದಾ ಅಟ್ಲಾಂಟಿಕ್‌ಗೆ. ನನಗೆ ಗುಡ್ಡೇಕೇರಿ ಹತ್ತಿರ ಬಸ್ ತಂಗುದಾಣದ ಕಟ್ಟೆ ಇತ್ತು. ಸುಮ್ನೆ ಯಾಕೆ ಅಂತ ಅರ್ಧ ಗಂಟೆ ಮಲಗಿದೆ.

ಆಗುಂಬೆಯ ಸೂರ್ಯಾಸ್ತದ ಕಟ್ಟೆ ಮುಟ್ಟಿದಾಗ ಐದೂವರೆ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಅರಬ್ಬಿ ಸಮುದ್ರ ಗೆರೆಯಂತೆ ಕಾಣುತ್ತದೆ. ಮ್ಹಾದೇಯಿ ಹೊರಟದ್ದೂ ಅದೇ ಸಮುದ್ರದಿಂದ ಅಂತ ನೋಡುವ ಆಸೆಯಿತ್ತು. ಅವತ್ತು ಬರೀ ಮಂಜು. ಪೊಟ್ಟಣ ಬಿಚ್ಚಿದರೆ ಮೂರು ಅಕ್ಕಿ ರೊಟ್ಟಿ, ಮಿಡಿ ಉಪ್ಪಿನಕಾಯಿ. ಪಕ್ಕದಲ್ಲಿ ನಿಂತಿದ್ದವರು "ಒಬ್ರೇ ಬಂದ್ರಾ?" ಅಂದರು. ಒಂದು ರೊಟ್ಟಿ ಅವರಿಗೆ ಕೊಟ್ಟೆ.

ಮಾರನೇ ದಿನ ಬಸ್ಸಿನ ಟಾಪಿಗೆ ಸೈಕಲ್ ಏರಿಸಿ ವಾಪಸ್ ಬಂದೆ. ಏರಿಸಿಕೊಟ್ಟವನು ಬಸ್ಸಿನ ಕ್ಲೀನರ್.